ಸಕ್ಕರೆ ಅಚ್ಚಿನ ಸಮಾಚಾರ

ಡಿಸೆಂಬರ್ ತಿಂಗಳು ಬಂತೆಂದರೆ ನಾವಿರುವ ದೊಡ್ಡ ಊರುಗಳ ಬೇಕರಿಗಳಲ್ಲಿ, ಗಾಜಿನ ಕಪಾಟಿನೊಳಗೆ ಒಂದು ಪುಟ್ಟ ಮನೆ ಬಂದು ಕೂರುತ್ತದೆ. ಶುಂಠಿ ಬೆರೆಸಿದ ಕಂದು ಬಿಸ್ಕತ್ತಿನ ಗೋಡೆ, ಸಕ್ಕರೆಯ ಗಾರೆ, ಮಾಡಿನ ಮೇಲೆ ಬಿಳಿಯ ಹಿಮ. ಜರ್ಮನರ ನಾಡಿನ ಕ್ರಿಸ್‌ಮಸ್ ಪದ್ಧತಿಯದು. 1812ರಲ್ಲಿ ಗ್ರಿಮ್ ಸಹೋದರರು ಪ್ರಕಟಿಸಿದ ಹ್ಯಾನ್ಸೆಲ್ ಮತ್ತು ಗ್ರೆಟೆಲರ ಕಥೆಯಲ್ಲಿ, ಕಾಡಿನ ಮಾಟಗಾತಿಯ ಮನೆಗೆ ರೊಟ್ಟಿಯ ಗೋಡೆಯೂ ಸಕ್ಕರೆಯ ಕಿಟಕಿಯೂ ಇದ್ದುವಷ್ಟೆ, ಆ ಮನೆಯ ಬಂಧು. ಮಕ್ಕಳು ಇದನ್ನು ನೋಡಿ ಬಂದು, ನಮ್ಮ ಮನೆಯಲ್ಲೂ ಒಂದು ಕಟ್ಟೋಣವೆಂದು ಪೀಡಿಸುವುದು ಸಹಜವೇ. ಕಟ್ಟಲಿ, ನಮ್ಮ ಅಭ್ಯಂತರವಿಲ್ಲ. ಆದರೆ ತಿನ್ನುವ ಮನೆಗಾಗಿ ಜರ್ಮನಿಯವರೆಗೆ ಹೋಗಬೇಕಾದ ಬಡತನ ಕನ್ನಡಿಗರಿಗೆ ಇನ್ನೂ ಬಂದಿಲ್ಲ. ಕ್ರಿಸ್‌ಮಸ್ ಕಳೆದು ಮೂರು ವಾರಕ್ಕೆ ಸಂಕ್ರಾಂತಿ. ಸಕ್ಕರೆಯ ಗೋಪುರ, ಸಕ್ಕರೆಯ ಮಂಟಪ, ಸಕ್ಕರೆಯ ತುಳಸಿಕಟ್ಟೆ, ಕಾವಲಿಗೆ ಸಕ್ಕರೆಯ ಆನೆ ಕುದುರೆ, ಇವನ್ನೆಲ್ಲ ನಮ್ಮ ಅಜ್ಜಿಯರು ಒಲೆಯ ಮುಂದೆ ಕುಳಿತೇ ಎರಕ ಹುಯ್ದವರು.

ಮೈಸೂರು ಕಡೆಯವರಿಗೆ ಇದು ಎಳ್ಳು ಬೀರುವ ತಟ್ಟೆಯ ಶೋಭೆ. ಎಳ್ಳು, ಹುರಿಗಡಲೆ, ಕಡಲೆಕಾಯಿ ಬೀಜ, ಸಣ್ಣಗೆ ಹೆಚ್ಚಿದ ಕೊಬ್ಬರಿ ಬೆಲ್ಲ, ಒಂದು ತುಂಡು ಕಬ್ಬು, ಇವೆಲ್ಲದರ ಮೇಲೆ ಒಂದು ಅಚ್ಚು. ಧಾರವಾಡ, ಬಿಜಾಪುರದ ಕಡೆಯವರಿಗಾದರೋ ಸಂಕ್ರಾಂತಿಯವರೆಗೆ ಕಾಯುವ ಗೋಜಿಲ್ಲ. ಅವರ ಸಕ್ಕರೆ ಗೊಂಬೆಗಳು ಕಾರ್ತಿಕದ ಗೌರಿ ಹುಣ್ಣಿಮೆಗೇ ಸಿದ್ಧ. ಹೆಣ್ಣುಮಕ್ಕಳು ಹೊಸ ಬಟ್ಟೆ ಉಟ್ಟು, ಗೊಂಬೆಗಳ ನಡುವೆ ದೀಪವಿಟ್ಟು, ಗೌರಿಗೆ ಸಕ್ಕರೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಯ ಮನೆಗೆ ಗಂಡಿನ ಕಡೆಯವರು ಆರತಿ ಸಾಮಾನು ತೆಗೆದುಕೊಂಡು ಹೋಗುವ ವಾಡಿಕೆಯೂ ಉಂಟು. ನಮ್ಮ ಸಂಘದಲ್ಲಿ ಎರಡು ಕಡೆಯವರೂ ಇರುವುದರಿಂದ, ಇದು ಅಚ್ಚೋ ಗೊಂಬೆಯೋ ಎಂಬ ಚರ್ಚೆ ವರ್ಷಕ್ಕೊಮ್ಮೆ ಏಳದೆ ಇರದು. ಬಾಯಲ್ಲಿ ಹಾಕಿಕೊಂಡಮೇಲೆ ಚರ್ಚೆ ನಿಲ್ಲುತ್ತದೆ.

ಪರಸ್ಥಳದಲ್ಲಿರುವ ನಮಗೆ ಇನ್ನೊಂದು ಸೋಜಿಗವೂ ಕಾಣಸಿಗುತ್ತದೆ. ದೆಹಲಿಯ ಪೇಟೆಗಳಲ್ಲಿ ದೀಪಾವಳಿಯ ವೇಳೆಗೆ ಅರಳು ಬತ್ತಾಸಿನ ಜೊತೆ ಸಕ್ಕರೆಯ ಆನೆ ಕುದುರೆಗಳನ್ನು ಗುಡ್ಡೆ ಹಾಕಿ ಮಾರುತ್ತಾರೆ. ಅವರು ಅದನ್ನು 'ಖಿಲೌನೆ' ಎನ್ನುತ್ತಾರೆ. ಪುಣೆ ಮುಂಬಯಿಗಳಲ್ಲಿ ಚೈತ್ರದ ಪಾಡ್ಯಕ್ಕೆ ಗುಡಿಯ ಕೊರಳಿಗೆ ಕಟ್ಟುವ ಸಕ್ಕರೆ ಗಾಠಿಯೂ ಅಚ್ಚಿನಿಂದಲೇ ಎದ್ದುಬಂದದ್ದು, ನಡುವೆ ದಾರ ಬೇರೆ. ಅಲ್ಲಿಯೇ ಸಂಕ್ರಾಂತಿಗೆ ಹೊಸ ಮದುಮಗಳಿಗೆ ಕುಸುರೆಳ್ಳಿನ ಒಡವೆ ತೊಡಿಸುತ್ತಾರೆ. ಚೆನ್ನೈಯ ಮದುವೆ ಮನೆಗಳಲ್ಲಿ ಬೆಲ್ಲದ ಪಾಕದಿಂದ ಕೊಳವೆಯಚ್ಚಿನಲ್ಲಿ ಎಬ್ಬಿಸುವ ಪರುಪ್ಪು ತೇಂಗಾಯನ್ನು ಕಂಡವರು ಗೋಪುರವೆಂದೇ ಕೈಮುಗಿಯಬೇಕು. ನೆರೆಮನೆಯವರಿಗೆ ನಮ್ಮ ಅಚ್ಚನ್ನು ಕೊಟ್ಟು ವಿವರಿಸುವ ಕಷ್ಟ ಆದ್ದರಿಂದ ಕಡಿಮೆ. ಅವರಿಗೂ ಅದು ಅಪರಿಚಿತವಲ್ಲ.

ಇನ್ನು ಮಾಡುವ ಬಗೆ. ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಬೇಕು. ಒಣಮರವು ಪಾಕವನ್ನು ಹೀರಿ ಕಚ್ಚಿಕೊಳ್ಳುತ್ತದೆ. ನೆನೆದ ಮರ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಒರೆಸಿ, ಹೋಳುಗಳನ್ನು ಜೋಡಿಸಿ, ದಾರದಿಂದಲೋ ರಬ್ಬರ್ ಬ್ಯಾಂಡಿನಿಂದಲೋ ಬಿಗಿಯಾಗಿ ಕಟ್ಟಿ, ಬಾಯಿ ಮೇಲಾಗಿ ನಿಲ್ಲಿಸಬೇಕು. ಇದು ಮಕ್ಕಳ ಕೆಲಸ. ಒಂದು ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಒಲೆಯ ಮೇಲಿಟ್ಟು, ಕುದಿ ಬಂದಾಗ ಎರಡು ಮೂರು ಚಮಚ ಹಾಲು ಬಿಡಬೇಕು. ಹಾಲು ಒಡೆದು ಕೊಳೆಯನ್ನೆಲ್ಲ ಹೊತ್ತುಕೊಂಡು ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಶೋಧಿಸಿದರೆ ಪಾಕ ಕನ್ನಡಿಯಂತಾಗುತ್ತದೆ. ಜಾಮೂನಿನ ಅಭ್ಯಾಸದಿಂದ ಯಾರಾದರೂ ನಿಂಬೆಹಣ್ಣು ಹಿಂಡಲು ಬಂದರೆ ಅವರ ಕೈ ಹಿಡಿಯಿರಿ! ಸಕ್ಕರೆ ಹರಳುಗಟ್ಟದಂತೆ ತಡೆಯುವುದೇ ಹುಳಿಯ ಗುಣ. ನಮಗೆ ಬೇಕಾದದ್ದು ಹರಳುಗಟ್ಟುವುದೇ.

ಶೋಧಿಸಿದ ಪಾಕವನ್ನೆಲ್ಲ ಒಮ್ಮೆಗೇ ಕಾಯಿಸಬಾರದು. ಒಂದೆರಡು ಸೌಟಿನಷ್ಟನ್ನು ಚಿಕ್ಕ ಬಾಣಲೆಗೆ ತೆಗೆದುಕೊಂಡು, ತಣ್ಣೀರಿಗೆ ಹಾಕಿದ ತೊಟ್ಟು ಕರಗಿಹೋಗದೆ ಮೆತ್ತನೆಯ ಉಂಡೆಯಾಗುವವರೆಗೆ ಕುದಿಸಬೇಕು. ಉಷ್ಣಮಾಪಕ ಇಟ್ಟುಕೊಂಡ ಶಿಸ್ತಿನವರಿಗೆ ಹೇಳುವುದಾದರೆ ಸುಮಾರು 115 ಡಿಗ್ರಿ ಸೆಲ್ಸಿಯಸ್. ಆಮೇಲೆ ಕೆಳಗಿಳಿಸಿ, ಸೌಟಿನ ಬೆನ್ನಿನಿಂದ ಬಾಣಲೆಯ ಅಂಚಿಗೆ ತಿಕ್ಕುತ್ತ ಕಲಕಬೇಕು. ತಿಳಿಯಾಗಿದ್ದ ಪಾಕ ಮಂಜುಮಂಜಾಗಿ, ಹಾಲಿನಂತಾಗುತ್ತದೆ. ಆ ಗಳಿಗೆಯಲ್ಲಿ ಹುಯ್ಯಬೇಕು. ತುಸು ಮುಂಚೆ ಹುಯ್ದರೆ ಆನೆ ನಿಲ್ಲದೆ ಕುಸಿಯುತ್ತದೆ. ತುಸು ತಡವಾದರೆ ಬಾಣಲೆಯಲ್ಲೇ ಕಲ್ಲು. ಕಲ್ಲಾದರೂ ನಷ್ಟವಿಲ್ಲ, ಸ್ವಲ್ಪ ನೀರು ಹಾಕಿ ಮತ್ತೆ ಕರಗಿಸಬಹುದು. ಹುಯ್ದು ಐದು ಹತ್ತು ನಿಮಿಷ ಬಿಟ್ಟು ಕಟ್ಟು ಬಿಚ್ಚಿದರೆ ಅಚ್ಚು ಸಿದ್ಧ. ಕುದಿಯುವ ಪಾಕ ಮೈಮೇಲೆ ಬಿದ್ದರೆ ನೀರಿನಂತೆ ಜಾರಿ ಹೋಗದು, ಅಂಟಿಕೊಂಡು ಸುಡುತ್ತದೆ. ಆದ್ದರಿಂದ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಮಕ್ಕಳು, ಹುಯ್ಯುವುದಕ್ಕೆ ದೊಡ್ಡವರು. ದೆಹಲಿಯವರು ಜನವರಿಯ ಚಳಿಯಲ್ಲಿ ಇನ್ನಷ್ಟು ಚುರುಕಾಗಿ ಕೈಯಾಡಿಸಬೇಕಾದೀತು. ಮುಂಬಯಿ ಚೆನ್ನೈಯವರು ಕಡಲ ಗಾಳಿಗೆ ಹೆದರಿ, ಅಚ್ಚುಗಳು ಪೂರ್ತಿ ಆರಿದೊಡನೆ ಬಿಗಿ ಮುಚ್ಚಳದ ಡಬ್ಬಿಗೆ ಸೇರಿಸಬೇಕು.

ಇಷ್ಟನ್ನು ಬರೆಯುವುದು ಸುಲಭ. 'ಆ ಗಳಿಗೆ' ಎಂದೆವಲ್ಲ, ಅದನ್ನು ಬರೆಯಲಾಗದು. ನಮ್ಮ ಸಂಘದಲ್ಲಿ ಎಂಬತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಕಣ್ಣು ಮಂಜಾಗಿದೆ, ಕೈ ನಡುಗುವುದರಿಂದ ಬಾಣಲೆ ಹಿಡಿಯುವಂತಿಲ್ಲ. ಕಳೆದ ಸಂಕ್ರಾಂತಿಗೆ ಮುಂಚಿನ ಭಾನುವಾರ ಅವರ ಮನೆಯಲ್ಲಿ ನಾಲ್ಕು ಸಂಸಾರದವರು ಸೇರಿದ್ದೆವು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಒಲೆಯ ಕಡೆಗೆ ತಿರುಗಿಯೂ ನೋಡದೆ ಕುಳಿತಿದ್ದರು. ಕಲಕುತ್ತಿದ್ದವಳು ಹೊಸದಾಗಿ ಮದುವೆಯಾಗಿ ಬಂದ ಹುಡುಗಿ.

"ಅಜ್ಜಿ, ಹುಯ್ಯಲೇ?"

"ಇನ್ನೂ ಇಲ್ಲ ಕಣೇ, ತಡಿ."

"ಬೆಳ್ಳಗಾಗ್ತಾ ಇದೆ, ಅಜ್ಜಿ."

"ಆಗಲಿ ತಡಿ... ಹ್ಞಾ, ಈಗ ಹುಯ್ಯಿ. ಬೇಗ!"

ಹುಯ್ದಳು. ಹತ್ತು ನಿಮಿಷದ ಮೇಲೆ ಸೊಂಡಿಲು ಸಮೇತ ಆನೆ ಹೊರಗೆ ಬಂತು. ನೋಡದೆ ಹೇಗೆ ಹೇಳಿದಿರಿ ಎಂದು ಹುಡುಗಿ ಕೇಳಿದರೆ ಅಜ್ಜಿಗೇ ಆಶ್ಚರ್ಯ. "ಸೌಟಿನ ಸದ್ದು ಕೇಳಲಿಲ್ಲವೇನೇ? ಮೊದಲು ಚಳಚಳ ಅಂತಿತ್ತು, ಆಮೇಲೆ ಗರಗರ ಅಂತು." ನಾವೆಲ್ಲ ಕಿವಿಗೊಟ್ಟು ನಿಂತೆವು. ಎರಡನೆಯ ಬಾಣಲೆಗೆ ಯಾರಿಗೂ ತಿಳಿಯಲಿಲ್ಲ. ಐದನೆಯದಕ್ಕೆ ಆ ಹುಡುಗಿಗೆ ತಿಳಿಯಿತು. ಅಜ್ಜಿ ಬಾಯಿ ತೆರೆಯುವ ಮೊದಲೇ ಅವಳು ಹುಯ್ದಿದ್ದಳು.

ಈಗ ಅಚ್ಚು ಮಾಡುವ ಚಲನಚಿತ್ರಗಳು ಕೈಯಲ್ಲಿರುವ ಫೋನಿನಲ್ಲೇ ಬೇಕಾದಷ್ಟು ಸಿಗುತ್ತವೆ. ಉಪಯುಕ್ತವೇ, ಅಲ್ಲವೆನ್ನುವುದಿಲ್ಲ. ಆದರೆ ಅವುಗಳಲ್ಲಿ ಬಹುಪಾಲಿನವು ಸರಿಯಾಗಿ ಆ ಸದ್ದಿನ ಹೊತ್ತಿಗೇ ಸಂಗೀತ ಹಾಕುತ್ತವೆ.

ಹದ ತಿಳಿದ ಮಾತ್ರಕ್ಕೆ ಮುಗಿಯಲಿಲ್ಲ, ಅಚ್ಚುಗಳಾದರೂ ಎಲ್ಲಿವೆ? ತೇಗದ ಮರದಲ್ಲಿ ಬಡಗಿಗಳು ಕೊರೆದ ಹಳೆಯ ಅಚ್ಚುಗಳು ಸಾಮಾನ್ಯವಾಗಿ ಊರಿನ ಹಿರಿಯ ಮನೆಯ ಅಟ್ಟದಲ್ಲಿರುತ್ತವೆ. ಮನೆ ಪಾಲಾದಾಗ ಹೊಲಕ್ಕೆ ಅಳತೆಯುಂಟು, ಪಾತ್ರೆಗೆ ತೂಕವುಂಟು, ಅಚ್ಚಿನ ಗಂಟನ್ನು ಕೇಳುವವರಿಲ್ಲ. ಸಿಕ್ಕವರು ಸಿಕ್ಕಷ್ಟು ಎತ್ತಿಕೊಂಡು ಹೋಗುತ್ತಾರೆ. ನಮಗೆ ತಿಳಿದ ಒಂದು ಸಂಸಾರದಲ್ಲಿ ಆನೆಯ ಬಲಮಗ್ಗುಲು ಅಣ್ಣನಲ್ಲಿ, ಎಡಮಗ್ಗುಲು ತಮ್ಮನಲ್ಲಿ, ಇಬ್ಬರಿಗೂ ಮಾತಿಲ್ಲ. ಗೋಪುರ ಮಂಟಪಗಳ ಪಾಡು ಇನ್ನೂ ಕಷ್ಟ, ಅವುಗಳ ಹೋಳುಗಳು ಹೆಚ್ಚು. ಒಂದು ಹೋಳು ಹೋದರೆ ಉಳಿದವು ಸೌದೆಗೆ ಸಮಾನ. ಬೆಂಗಳೂರಿನ ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಸಂಕ್ರಾಂತಿಗೆ ಮುಂಚೆ ಹೋದವರು ಸಿದ್ಧ ಅಚ್ಚುಗಳನ್ನೇ ತೂಗಿಸಿಕೊಂಡು ಬರಬಹುದು. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಕೊಂಡುತಂದಿರೆಂದು ಆಕ್ಷೇಪಿಸುವವರ ಪೈಕಿ ನಾವಲ್ಲ; ಆಕ್ಷೇಪಿಸುವ ಗಂಡಸರು ಮೊದಲು ಒಂದು ಬಾಣಲೆ ಕಲಕಿ ತೋರಿಸಲಿ. ಆದರೆ ರೈಲಿನಲ್ಲಿ ಬಂದ ಆನೆಗಳು ಸೊಂಡಿಲು ಕಳೆದುಕೊಳ್ಳದೆ ಬಂದದ್ದನ್ನು ನಾವು ಕಾಣೆವು.

ಆದುದರಿಂದ ನಮ್ಮದೊಂದು ಸೂಚನೆ. ಸಂಘದ ಪುಸ್ತಕ ಭಂಡಾರದಲ್ಲಿ ಕೆಳಗಿನ ಒಂದು ಕಪಾಟು ಖಾಲಿ ಬಿದ್ದಿದೆ. ಊರಿಗೆ ಹೋದವರು ಅಟ್ಟ ಹತ್ತಿ ನೋಡಲಿ. ಬಳಸದ ಅಚ್ಚುಗಳಿದ್ದರೆ ಹಿರಿಯರನ್ನು ಕೇಳಿ ತರಲಿ. ಒಂಟಿ ಹೋಳುಗಳನ್ನೂ ಬಿಡುವುದು ಬೇಡ. ಜೊತೆಯ ಹೋಳು ಇದ್ದರೆ ಅದನ್ನು ನೋಡಿ ಇನ್ನೊಂದನ್ನು ಕೊರೆಯಬಲ್ಲ ಬಡಗಿ ಯಾವ ಊರಿನಲ್ಲೂ ಸಿಕ್ಕಾನು. ಪುಸ್ತಕದಂತೆ ಅಚ್ಚಿಗೂ ಒಂದು ವಹಿ ತೆರೆದು, ಬೇಕಾದವರಿಗೆ ವಾರದ ಮಟ್ಟಿಗೆ ಕೊಡೋಣ. ಗೌರಿ ಹುಣ್ಣಿಮೆಗೆ ಒಂದು ಕಡೆಯವರು, ಸಂಕ್ರಾಂತಿಗೆ ಇನ್ನೊಂದು ಕಡೆಯವರು ಒಯ್ಯುವುದರಿಂದ ಜಗಳಕ್ಕೂ ಎಡೆಯಿಲ್ಲ. ಅಜ್ಜಿಯವರು ಈ ಸಲವೂ ಕುರ್ಚಿ ಹಾಕಿಸಿಕೊಂಡು ಕೂರಲು ಒಪ್ಪಿದ್ದಾರೆ. ಸಂಕ್ರಾಂತಿಗೆ ಹಿಂದಿನ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ. ಬರುವವರು ತಲಾ ಒಂದು ಕಿಲೋ ಸಕ್ಕರೆ ತರಬೇಕು. ಅಡಿಗೆಮನೆ ಚಿಕ್ಕದು, ಮುಂಚಿತವಾಗಿ ಹೆಸರು ಕೊಟ್ಟರೆ ಅನುಕೂಲ.

ಅಚ್ಚು ಒಯ್ದವರು ಹಿಂದಿರುಗಿಸುವ ಮುನ್ನ ಬರಿಯ ಬಿಸಿನೀರಿನಲ್ಲಿ ತೊಳೆಯಿರಿ, ಸೋಪು ಬೇಡ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ, ನೆರಳಿನಲ್ಲಿ ಎರಡು ದಿನ ಆರಲಿ. ಮೂಲೆಗಳಲ್ಲಿ ಸಕ್ಕರೆ ಉಳಿದರೆ ಇರುವೆಗಳು ಬರುತ್ತವೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಮತ್ತೆ, ದಯವಿಟ್ಟು, ಒಂದು ಅಚ್ಚಿನ ಹೋಳುಗಳನ್ನೆಲ್ಲ ಒಟ್ಟಿಗೇ ದಾರದಲ್ಲಿ ಕಟ್ಟಿ ಕಳುಹಿಸಿ.