ಕೃಪಾಂಕದ ಸ್ಥಾನ, ಗಳಿಸಿದ ಸ್ಥಾನ

ಇತ್ತೀಚೆಗೆ ಬಂಧುಗಳ ಮದುವೆಯೊಂದರಲ್ಲಿ, ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತ ಕುಳಿತಿದ್ದಾಗ, ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೀಗೆಂದರು: “ಹೆಣ್ಣುಮಕ್ಕಳ ಫುಟ್‌ಬಾಲಿಗೆ ಹಣ ಸುರಿಯುವುದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ ಮೇಷ್ಟ್ರೇ. ವಿಶ್ವಕಪ್ಪಿನಲ್ಲಿ 8 ಗೋಲು ತಿಂದು ಬಂದವರಲ್ಲವೇ?” ಸುತ್ತಲಿದ್ದವರು ನಕ್ಕರು. ಮದುವೆಮನೆಯಲ್ಲಿ ವಾದ ಸಲ್ಲದೆಂದು ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದುದು ತಪ್ಪೆಂದು ಮನಸ್ಸು ಚುಚ್ಚುತ್ತಿರುವುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ ಅಂಕಿ ಸುಳ್ಳಲ್ಲ. 2022ರ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ನಮ್ಮ ಹುಡುಗಿಯರು ಅಮೆರಿಕದ ಎದುರು 0–8, ಮೊರಾಕ್ಕೋ ಎದುರು 0–3, ಬ್ರೆಜಿಲ್ ಎದುರು 0–5ರಿಂದ ಸೋತರು. ಒಟ್ಟು 16 ಗೋಲು ಬಿಟ್ಟುಕೊಟ್ಟು, ಒಂದನ್ನೂ ಹೊಡೆಯಲಿಲ್ಲ. ಆದರೆ ಆ ಸ್ಥಾನ ನಮಗೆ ಬಂದದ್ದು ಹೇಗೆ? ಆತಿಥೇಯ ದೇಶವೆಂಬ ಕಾರಣಕ್ಕೆ, ಅರ್ಹತಾ ಪಂದ್ಯವನ್ನೇ ಆಡದೆ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅದು ಕೃಪಾಂಕ. ಕೃಪಾಂಕದಿಂದ ಮೇಲಿನ ತರಗತಿಗೆ ಹೋದ ಮಗು ಅಲ್ಲಿ ತಡವರಿಸಿದರೆ ತಪ್ಪು ಮಗುವಿನದೋ, ಕೆಳಗಿನ ತರಗತಿಯಲ್ಲಿ ಕಲಿಸದೆ ಬಿಟ್ಟ ನಮ್ಮದೋ?

ಆ ಮಕ್ಕಳು ಎಂತಹ ವ್ಯವಸ್ಥೆಯಿಂದ ಬಂದವರೆಂಬುದನ್ನೂ ನೋಡಿರಿ. ಆ ವಿಶ್ವಕಪ್ ಮೊದಲು ನಡೆಯಬೇಕಾಗಿದ್ದುದು 2020ರಲ್ಲಿ. ಕೊರೋನಾದಿಂದ ಅದು ಮುಂದಕ್ಕೆ ಹೋಗಿ, ಬಳಿಕ ರದ್ದಾಗಿ, 2022ಕ್ಕೆ ಬಂತು. ಅಷ್ಟರಲ್ಲಿ ಮೊದಲು ಸಿದ್ಧಗೊಂಡಿದ್ದ ಎಷ್ಟೋ ಹುಡುಗಿಯರ ವಯಸ್ಸು ಮಿತಿ ದಾಟಿತ್ತು. ಪಂದ್ಯಾವಳಿಗೆ ಎರಡು ತಿಂಗಳಿರುವಾಗ, ಆಗಸ್ಟ್ 2022ರಲ್ಲಿ, ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಿದೆಯೆಂದು ಫಿಫಾ ನಮ್ಮ ಫುಟ್‌ಬಾಲ್ ಒಕ್ಕೂಟವನ್ನೇ ಅಮಾನತಿನಲ್ಲಿಟ್ಟು, ಕೆಲ ದಿನಗಳ ನಂತರ ಅದನ್ನು ತೆರವುಗೊಳಿಸಿತು. ತಂಡದ ನಾಯಕಿ ಅಸ್ತಂ ಓರಾಂವ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯವಳು. ಮಗಳ ಗೌರವಾರ್ಥವಾಗಿ ಊರಿಗೆ ಹಾಕುತ್ತಿದ್ದ ರಸ್ತೆಯ ಕಾಮಗಾರಿಯಲ್ಲಿ ಅವಳ ತಂದೆತಾಯಿಯೇ ಕೂಲಿ ಮಾಡುತ್ತಿದ್ದರೆಂಬ ಸುದ್ದಿಯನ್ನು ಆಗ ಪತ್ರಿಕೆಗಳಲ್ಲಿ ಓದಿದೆವು. ಓದಿದೆವು, ಮರೆತೆವು. ನೆನಪಿನಲ್ಲಿ ಉಳಿದದ್ದು ಆ 8 ಗೋಲು ಮಾತ್ರ.

ಇನ್ನು ನನ್ನ ಮಿತ್ರರು ಕೇಳಿಯೇ ಇರದ ಸಂಗತಿ. 2025ರ ಅಕ್ಟೋಬರಿನಲ್ಲಿ, ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ, 17 ವರ್ಷದೊಳಗಿನ ಬಾಲಕಿಯರ ಏಷ್ಯಾ ಕಪ್ಪಿನ ಅರ್ಹತಾ ಪಂದ್ಯಗಳು ನಡೆದವು. ಗುಂಪಿನಲ್ಲಿ ಮೊದಲು ಬಂದವರಿಗಷ್ಟೇ 2026ರ ಚೀನಾ ಪಂದ್ಯಾವಳಿಗೆ ಪ್ರವೇಶ, ಅಲ್ಲಿ ಕೃಪಾಂಕವಿಲ್ಲ. ನಮ್ಮ ಹುಡುಗಿಯರು ಆತಿಥೇಯ ಕಿರ್ಗಿಸ್ತಾನವನ್ನು 2–1ರಿಂದ ಸೋಲಿಸಿದರು. ಉಜ್ಬೇಕಿಸ್ತಾನದ ಎದುರು ಮೊದಲರ್ಧದಲ್ಲಿ ಒಂದು ಗೋಲು ಹಿಂದೆ ಬಿದ್ದರು. ವಿರಾಮದ ನಂತರ, ಬದಲಿ ಆಟಗಾರ್ತಿಯಾಗಿ ಇಳಿದಿದ್ದ ಥಂಡಾಮೋನಿ ಬಾಸ್ಕೆ ಸಮ ಮಾಡಿದಳು. ಅನುಷ್ಕಾ ಕುಮಾರಿ ಗೆಲುವಿನ ಗೋಲು ಹೊಡೆದಳು. ಅಂದು ಅಕ್ಟೋಬರ್ 17. ಬ್ರೆಜಿಲ್ ಎದುರು 5 ಗೋಲು ತಿಂದ ದಿನಕ್ಕೆ ಸರಿಯಾಗಿ 3 ವರ್ಷ.

ಅದೇ ವರ್ಷದ ಜುಲೈನಲ್ಲಿ ಹಿರಿಯ ಮಹಿಳೆಯರು ಥಾಯ್ಲೆಂಡಿನ ನೆಲದಲ್ಲೇ ಥಾಯ್ಲೆಂಡನ್ನು 2–1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹರಾಗಿದ್ದರು. ಆಗಸ್ಟಿನಲ್ಲಿ 20 ವರ್ಷದೊಳಗಿನವರು ಯಾಂಗೋನಿನಲ್ಲಿ ಮ್ಯಾನ್ಮಾರನ್ನು 1–0ರಿಂದ ಮಣಿಸಿ, ಎರಡು ದಶಕಗಳ ನಂತರ ತಮ್ಮ ವಯೋಮಾನದ ಏಷ್ಯಾ ಕಪ್ಪಿಗೆ ತೇರ್ಗಡೆಯಾಗಿದ್ದರು. ಒಂದೇ ವರ್ಷ, ಮೂರು ಪರೀಕ್ಷೆ, ಮೂರರಲ್ಲೂ ಉತ್ತೀರ್ಣ. ಇದರಿಂದ ನಾವು ಜಗತ್ತಿನ ಮುಂಚೂಣಿಗೆ ಬಂದುಬಿಟ್ಟೆವೆಂದು ನಾನು ಹೇಳುವುದಿಲ್ಲ. ಜಪಾನ್, ಉತ್ತರ ಕೊರಿಯಾಗಳ ಮಟ್ಟ ಬಹಳ ಎತ್ತರದ್ದು. ನನ್ನ ಆಕ್ಷೇಪ ಇಷ್ಟೇ: ಕಲಿಸದ ಪಾಠದಲ್ಲಿ ನಪಾಸಾದುದನ್ನು ಊರೆಲ್ಲ ಸಾರುವವರು, ಕಷ್ಟಪಟ್ಟು ಪಾಸಾದುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

“ಆ ಆಟ ಹೆಂಗಸರ ಮೈಗೆ ಒಗ್ಗುವುದಿಲ್ಲ” ಎಂಬ ಮಾತೂ ಅಂದು ಬಂತು. ಇದೂ ಹೊಸದಲ್ಲ. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲಿನ ಗುಡಿಸನ್ ಪಾರ್ಕಿನಲ್ಲಿ ಮಹಿಳೆಯರ ಪಂದ್ಯವೊಂದಕ್ಕೆ ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಆ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ, ತನ್ನ ಅಧೀನದ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಸುಮಾರು 50 ವರ್ಷ ಹಿಡಿಯಿತು. ಒಗ್ಗದ ಆಟವಾಗಿದ್ದರೆ ನಿಷೇಧದ ಅಗತ್ಯವಾದರೂ ಏನಿತ್ತು? ತಾನಾಗಿಯೇ ನಿಂತುಹೋಗುತ್ತಿತ್ತು.

ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನನ್ನ ವಿದ್ಯಾರ್ಥಿನಿಯರಿಗೆ ನೆನಪಿರಬಹುದು: ಪಾಠ ಮುಗಿಯದಿದ್ದಾಗ ನಾನು ಕಸಿದುಕೊಳ್ಳುತ್ತಿದ್ದುದು ಆಟದ ಪಿರಿಯಡ್ಡನ್ನು. ಅದೂ ಗಂಡುಹುಡುಗರನ್ನು ಹೊರಗೆ ಬಿಟ್ಟು, “ನೀವು ಹೇಗೂ ಮರದ ಕೆಳಗೆ ಕೂರುವವರೇ ತಾನೆ” ಎಂದು ಹುಡುಗಿಯರನ್ನು ಒಳಗೆ ಉಳಿಸಿಕೊಂಡದ್ದುಂಟು. ಅವರು ಮರದ ಕೆಳಗೆ ಕೂರುತ್ತಿದ್ದುದು ನಾವು ಅವರ ಕೈಗೆ ಚೆಂಡನ್ನೇ ಕೊಡದಿದ್ದುದರಿಂದ ಎಂಬುದು ನನಗೆ ಹೊಳೆಯಲಿಲ್ಲ. ಕ್ರೀಡಾ ದಿನಾಚರಣೆಗೆ ಅವರಿಂದ ರಂಗೋಲಿ ಹಾಕಿಸಿ, ಬಹುಮಾನದ ತಟ್ಟೆ ಹಿಡಿಸಿದೆವು. ಹೆಣ್ಣುಮಕ್ಕಳಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ಶಿಕ್ಷಕರ ಕೊಠಡಿಯಲ್ಲಿ ಕುಳಿತು ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ.

ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ; ಹಲವರು ಹೆಣ್ಣುಮಕ್ಕಳ ತಂದೆತಾಯಿಯರು. ನಿಮ್ಮನ್ನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಆಟದ ಪಿರಿಯಡ್ಡನ್ನು ಗಣಿತಕ್ಕೆ ಕಸಿಯಬೇಡಿರಿ. ಶಾಲೆಯ ಸಭೆಗೆ ಹೋದಾಗ ಅಂಕಪಟ್ಟಿಯ ಜೊತೆಗೆ, “ನನ್ನ ಮಗಳಿಗೆ ವಾರಕ್ಕೆ ಎಷ್ಟು ಗಂಟೆ ಮೈದಾನ ಸಿಗುತ್ತದೆ?” ಎಂದೂ ವಿಚಾರಿಸಿರಿ. ಬಿಷ್ಕೆಕ್‌ನಲ್ಲಿ ಗೆದ್ದ ಮಕ್ಕಳೂ ಎಂದೋ ಒಂದು ದಿನ, ಯಾರೋ ಬೇಡವೆನ್ನದ ಮೈದಾನದಲ್ಲಿ ಮೊದಲ ಸಲ ಚೆಂಡನ್ನು ಒದ್ದವರೇ. ಮುಂದಿನ ಮದುವೆಯಲ್ಲಿ ಆ ಮಿತ್ರರು ಸಿಕ್ಕರೆ ನಾನು ಸುಮ್ಮನಿರುವುದಿಲ್ಲ.