ಬಾಯಿ ಕೊಡುವ ಮುನ್ಸೂಚನೆ

ಸೇಲಂನ ನೇಕಾರ ದೇವಾಂಗರ ಮನೆಗಳಲ್ಲಿ ಕನ್ನಡ ಇನ್ನೂ ಉಳಿದಿದೆ. 1965ರಲ್ಲಿ ಸೇಲಂನಿಂದ ಬೇರ್ಪಟ್ಟ ಧರ್ಮಪುರಿಯಲ್ಲೂ, 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಜಿಲ್ಲೆಗೆ ಹೋದ ಹೊಸೂರು, ಡೆಂಕಣಿಕೋಟೆಗಳಲ್ಲೂ ಕನ್ನಡದ ಮನೆಗಳುಂಟು. ಅವರ ಪಾಡು ನಮ್ಮದೇ: ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಬೇರೆ ಭಾಷೆ. ವೈದ್ಯರ ಮಾತು ಅರ್ಥವಾಗದಿದ್ದರೂ ತಲೆಯಾಡಿಸಿ ಬರುವವರು ಅಲ್ಲಿಯೂ ಇದ್ದಾರೆ, ಇಲ್ಲಿಯೂ ಇದ್ದಾರೆ. ಎಲೆಯಡಿಕೆಯೊಡನೆ ಹೊಗೆಸೊಪ್ಪು ಜಗಿಯುವ ಚಟವೂ ಎರಡೂ ಕಡೆಗಿದೆ. ಆದುದರಿಂದ ಬಾಯಿಯ ಕ್ಯಾನ್ಸರ್ ಹುಟ್ಟುವ ಬಗೆಯನ್ನು ನಮ್ಮ ನುಡಿಯಲ್ಲೇ ತಿಳಿದಿರುವುದು ಅಗತ್ಯ.

ಶರೀರದಲ್ಲಿ ಸವೆದ ಜೀವಕೋಶದ ಜಾಗವನ್ನು ಹೊಸ ಕೋಶ ತುಂಬುತ್ತದೆ. ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬ ಅಪ್ಪಣೆ ಅದರೊಳಗಿನ ಡಿ.ಎನ್.ಎ.ಯಲ್ಲಿದೆ. ಹೊಗೆಸೊಪ್ಪಿನ ವಿಷಗಳು ಈ ಅಪ್ಪಣೆಯನ್ನು ಕೆಡಿಸುತ್ತವೆ. ಕೋಶವು ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ, ಆಗದಿದ್ದರೆ ಸಾಯುತ್ತದೆ. ಆದರೆ ವರ್ಷಗಟ್ಟಲೆ ತಪ್ಪುಗಳು ಕೂಡಿ, ತಿದ್ದುವ ವ್ಯವಸ್ಥೆಯೇ ಕೆಟ್ಟರೆ, ಕೋಶಗಳು ಅಂಕೆಯಿಲ್ಲದೆ ಹೆಚ್ಚುತ್ತವೆ. ಅವು ತಳದ ತೆಳುಪೊರೆಯನ್ನು ಭೇದಿಸಿ ಒಳನುಗ್ಗಿದಾಗ ಅದು ಕ್ಯಾನ್ಸರ್. ಮುಂದೆ ದುಗ್ಧರಸದ ನಾಳಗಳಲ್ಲಿ ಸಾಗಿ ಕತ್ತಿನ ಗ್ರಂಥಿಗಳಿಗೂ, ರಕ್ತದಲ್ಲಿ ಸಾಗಿ ಶ್ವಾಸಕೋಶಕ್ಕೂ ಹಬ್ಬಬಹುದು. ಒಬ್ಬರ ಬಟ್ಟಲಿನಿಂದ ಇನ್ನೊಬ್ಬರಿಗೆ ಅಂಟುವ ರೋಗ ಇದಲ್ಲ. ರೋಗಿಗೆ ಬೇರೆ ತಟ್ಟೆ ಇಡುವುದು ಅನ್ಯಾಯ.

ಈ ರೋಗ ಎಷ್ಟೋ ಸಲ ಮುನ್ಸೂಚನೆ ಕೊಟ್ಟೇ ಬರುತ್ತದೆ. ಕೆನ್ನೆಯ ಒಳಬದಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ. ಮಚ್ಚೆಯೆಲ್ಲ ಕ್ಯಾನ್ಸರ್ ಆಗುವುದಿಲ್ಲ, ನಿಜ. ಆದರೆ ತೋರಿಸದೆ ತಿಳಿಯುವುದೆಂತು? ನಮ್ಮ ರಾಜ್ಯದ ತಿರುವನಂತಪುರ ಜಿಲ್ಲೆಯಲ್ಲೇ 1996ರಿಂದ ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ಹೊಗೆಸೊಪ್ಪು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಬಾಯಿಯ ಕ್ಯಾನ್ಸರ್‌ನ ಸಾವು ಶೇಕಡಾ 34ರಷ್ಟು ತಗ್ಗಿತೆಂದು 2005ರಲ್ಲಿ ಪ್ರಕಟವಾಯಿತು. ಕಣ್ಣಿನಿಂದ ನೋಡಿದ್ದರ ಫಲವಿದು.

ಇನ್ನೊಂದು ಕಹಿ ಮಾತು. ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆ ನಮ್ಮ ತೋಟದ ಬೆಳೆ, ಎಷ್ಟೋ ಮಕ್ಕಳ ಶಾಲೆಯ ಖರ್ಚು ಅದರಿಂದಲೇ ನಡೆಯುತ್ತದೆ. ಹಾಗೆಂದು ಈ ವಿಷಯವನ್ನು ಮಕ್ಕಳಿಂದ ಮುಚ್ಚಿಡುವುದು ಸಲ್ಲದು.

ಆಸ್ಪತ್ರೆಯ ಗೋಡೆಗಳಲ್ಲಿ ಕನ್ನಡದ ಸೂಚನೆಯೂ ಇರಲಿ ಎಂದು ಗಡಿಯ ಎರಡೂ ಕಡೆಯ ಕನ್ನಡಿಗರು ಕೇಳೋಣ. ಅದು ಬರುವ ತನಕ ಕಾಯುವುದು ಬೇಡ. ಮನೆಯಲ್ಲಿ ಜಗಿಯುವ ಹಿರಿಯರಿದ್ದರೆ ಹಗಲು ಬೆಳಕಿನಲ್ಲಿ ಅವರ ಬಾಯಿಯನ್ನೊಮ್ಮೆ ನೋಡಿ.