ನೆರೆಗೆ ಬಂದ ಕ್ವಾರಿಗೆ ನೆರೆಯವರ ಮಾತು

ಮಲೆನಾಡಿನಲ್ಲಿ ನೆರೆಮನೆಯೆಂದರೆ ಗೋಡೆಗೆ ಗೋಡೆ ತಾಗಿದ ಮನೆಯಲ್ಲ. ಒಂದು ಹಳ್ಳ, ಒಂದು ಗುಡ್ಡದ ತಿರುವು, ನಡುವೆ ಒಂದಿಷ್ಟು ಸೊಪ್ಪಿನ ಬೆಟ್ಟ. ಅದರಾಚೆ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿ, ಇನ್ನೊಂದು ಮನೆ. ಅಷ್ಟು ದೂರವಿದ್ದರೂ ನಾಟಿಗೆ ಮುಯ್ಯಾಳು ಬರುವುದು ಆ ಮನೆಯಿಂದ. ಅಡಿಕೆ ಸುಲಿಯುವ ರಾತ್ರಿ ದೀಪದ ಸುತ್ತ ಕೂರಲು ಜನ ಬರುವುದು ಆ ಮನೆಯಿಂದ. ಸಾವಾದಾಗ ಹೆಗಲು ಸಿಗುವುದೂ ಆ ಮನೆಯಿಂದಲೇ. ಬೇಲಿಯಂಚಿನ ಒಣ ದರಗಿಗೆ ಬೆಂಕಿ ಹಾಕುವ ಮುನ್ನ ಆಚೆ ಮನೆಗೆ ಹೋಗಿ ಒಂದು ಮಾತು ಹೇಳಿ ಬರುವುದು, ಯಾವ ಕಾನೂನೂ ಕಲಿಸದೆ ನಮ್ಮಲ್ಲಿ ಉಳಿದುಬಂದ ನಡವಳಿಕೆ.

ಇಂಥ ನೆರೆಗೆ ಕೆಲವು ವರ್ಷಗಳ ಹಿಂದೆ ಒಂದು ಕಲ್ಲುಕ್ವಾರಿ ಬಂತು. ಅದರ ಬೆನ್ನಿಗೆ ಜಲ್ಲಿ ಕ್ರಷರ್ ಬಂತು. ಮಾಲೀಕರ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಹೆಸರು ತೆಗೆದರೆ ಈ ಕತೆ ಗುಡ್ಡವಿರುವ ಯಾವ ತಾಲ್ಲೂಕಿಗೂ ಸಲ್ಲುತ್ತದೆ. ಇತ್ತೀಚೆಗೆ ಊರಿನ ಸಭೆಯೊಂದರಲ್ಲಿ ಮಾಲೀಕರ ಪರವಾಗಿ ಮಾತನಾಡಿದವರೊಬ್ಬರು, ತಾವು ಈ ಊರಿಗೆ ಒಳ್ಳೆಯ ನೆರೆಯವರಾಗಿದ್ದೇವೆ ಎಂದರು. ಸಾಕ್ಷಿಗೆ ಪಟ್ಟಿಯನ್ನೂ ಓದಿದರು: ಬಸ್ ತಂಗುದಾಣ, ದೇವಸ್ಥಾನದ ಮಹಾದ್ವಾರ, ಗಣಪತಿ ಹಬ್ಬದ ಚಂದಾ, ಶಾಲೆಗೊಂದು ಗೋಡೆ ಗಡಿಯಾರ. ಚಪ್ಪಾಳೆಯೂ ಬಿತ್ತು. ಕೊಟ್ಟದ್ದನ್ನು ಇಲ್ಲವೆನ್ನುವ ಕೃತಘ್ನತೆ ನಮಗೆ ಬೇಡ. ಆದರೆ ಶಾಲೆಗೆ ಗಡಿಯಾರ ಕೊಟ್ಟವರು, ದಿನದ ಯಾವ ಹೊತ್ತಿಗೆ ಬಂಡೆ ಸಿಡಿಸುತ್ತೇವೆಂಬುದನ್ನು ಆ ಶಾಲೆಯ ಮೇಷ್ಟರಿಗೆ ಇದುವರೆಗೆ ತಿಳಿಸಿಲ್ಲ. ದರಗಿಗೆ ಬೆಂಕಿ ಹಾಕುವವನು ಹೇಳಿ ಹೋಗುತ್ತಾನೆ. ಬಂಡೆಗೆ ಬೆಂಕಿ ಹಾಕುವವರಿಗೆ ಆ ಮರ್ಯಾದೆ ಬೇಡವೇ?

ಅವರೇ ನೆರೆಯವರೆಂದು ಹೇಳಿಕೊಂಡಿರುವುದರಿಂದ, ಆ ಮಾತನ್ನೇ ಹಿಡಿದು ಕೇಳೋಣ.

ಮೊದಲನೆಯ ಪ್ರಶ್ನೆ ಮನೆಯ ಗೋಡೆಯದು. ನಮ್ಮ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯ ನಡುಮನೆಗೋಡೆ ಸೂರಿನಿಂದ ನೆಲದವರೆಗೆ ಸೀಳಿದೆ. ಕ್ವಾರಿಯ ರೈಟರು ಬಂದು ನೋಡಿ, "ಹಳೇ ಮಣ್ಣಿನ ಗೋಡೆ ಅಜ್ಜಿ, ಮಳೆಗೆ ಬಿರುಕು ಬಿಟ್ಟಿದೆ" ಎಂದು ಹೇಳಿ ಹೋದರು. "ನಾನು ಮದುವೆಯಾಗಿ ಬಂದಾಗಿನಿಂದ ಮಳೆ ಬರ್ತಾನೇ ಇದೆ ತಮ್ಮಾ" ಎಂದರು ಅಜ್ಜಿ. ಮಾತು ಅಲ್ಲಿಗೇ ನಿಂತಿತು, ಏಕೆಂದರೆ ಕ್ವಾರಿ ಬರುವ ಮೊದಲು ಆ ಗೋಡೆ ಹೇಗಿತ್ತೆಂಬುದಕ್ಕೆ ಅಜ್ಜಿಯ ಬಳಿ ಚಿತ್ರವಿಲ್ಲ, ಕ್ವಾರಿಯ ಬಳಿ ದಾಖಲೆಯಿಲ್ಲ. ಇದು ಬಗೆಹರಿಯದ ವಿವಾದವೇನಲ್ಲ. ಮೊದಲ ಕುಳಿಗೆ ಮದ್ದು ತುಂಬುವ ಮುನ್ನ ಸುತ್ತಲಿನ ಮನೆ, ಬಾವಿ, ಶಾಲೆಗಳ ಛಾಯಾಚಿತ್ರ ತೆಗೆದು, ಇರುವ ಬಿರುಕುಗಳನ್ನು ಬರೆದು, ಮನೆಯವರ ಸಹಿ ಪಡೆದು ಒಂದು ಪ್ರತಿಯನ್ನು ಅವರಿಗೇ ಕೊಟ್ಟಿದ್ದರೆ ಮುಗಿಯುತ್ತಿತ್ತು. ಮಹಾದ್ವಾರದ ಬಣ್ಣಕ್ಕಾದ ಖರ್ಚೂ ಇದಕ್ಕೆ ಆಗುತ್ತಿರಲಿಲ್ಲ.

ಬಂಡೆ ಸಿಡಿದಾಗ ನೆಲ ಎಷ್ಟು ಅಲುಗುತ್ತದೆ ಎಂಬುದು ಊಹೆಯ ವಿಷಯವೂ ಅಲ್ಲ, ಅಳೆಯುವ ವಿಷಯ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು 1997ರಲ್ಲಿ ಹೊರಡಿಸಿದ 7ನೇ ತಾಂತ್ರಿಕ ಸುತ್ತೋಲೆಯಲ್ಲಿ ಅದಕ್ಕೆ ಮಿತಿಯಿದೆ. ಗಣಿಯವರಿಗೆ ಸೇರದ ವಾಸದ ಮನೆಗಳ ಬಳಿ, ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕಡಿಮೆಯಿದ್ದಾಗ ನೆಲದ ಕಂಪನದ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು. 8ರಿಂದ 25 ಹರ್ಟ್ಸ್‌ವರೆಗೆ 10 ಮಿಲಿಮೀಟರ್, ಅದಕ್ಕೂ ಮೇಲ್ಪಟ್ಟರೆ 15 ಮಿಲಿಮೀಟರ್. ಅಳೆಯುವ ಯಂತ್ರವನ್ನು ಒಬ್ಬನೇ ಕೈಯಲ್ಲಿ ಹಿಡಿದು ತಂದು ಅಂಗಳದಲ್ಲಿ ಇಡಬಹುದು. ವಿಜ್ಞಾನ ಓದುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಮನೆಗೆ ತಲುಪುವ ಕಂಪನವನ್ನು ಹೆಚ್ಚಾಗಿ ನಿರ್ಧರಿಸುವುದು ಎರಡು ಸಂಗತಿಗಳು: ಸಿಡಿಯುವ ಸ್ಥಳದಿಂದ ಮನೆಗಿರುವ ದೂರ, ಮತ್ತು ಒಂದೇ ಕ್ಷಣಕ್ಕೆ ಸಿಡಿಯುವ ಮದ್ದಿನ ತೂಕ. ದೂರ ಇಮ್ಮಡಿಯಾದರೆ ಕಂಪನ ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಕುಳಿಗಳನ್ನು ಒಟ್ಟಿಗೆ ಸಿಡಿಸುವ ಬದಲು, ಮಿಲಿಸೆಕೆಂಡುಗಳ ಅಂತರದಲ್ಲಿ ಒಂದಾದ ಮೇಲೊಂದು ಸಿಡಿಯುವ ಕೇಪುಗಳನ್ನು ಬಳಸಿದರೆ ಅದೇ ಕಲ್ಲು ಬೀಳುತ್ತದೆ, ಆದರೆ ಅಜ್ಜಿಯ ಗೋಡೆಗೆ ಹತ್ತು ಕುಳಿಗಳ ಪೆಟ್ಟು ಒಟ್ಟಿಗೆ ಬೀಳುವುದಿಲ್ಲ. ಕುಳಿಯ ಬಾಯಿಯನ್ನು ಸರಿಯಾಗಿ ಗಿಡಿದು ಮುಚ್ಚಿದರೆ ಕಲ್ಲಿನ ಚೂರು ತೋಟಕ್ಕೆ ಹಾರುವುದೂ ಕಡಿಮೆಯಾಗುತ್ತದೆ. ಇವೆಲ್ಲ ಕ್ವಾರಿಯವರಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಗೊತ್ತಿದ್ದೂ ಮಾಡದಿರುವುದಕ್ಕೆ ಕಾರಣ, ಕೇಳುವವರಿಲ್ಲ ಎಂಬ ಧೈರ್ಯ.

ಆ ಧೈರ್ಯದ ಕೊನೆ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಶಿವಮೊಗ್ಗ ಜಿಲ್ಲೆ 2021ರ ಜನವರಿ 21ರ ರಾತ್ರಿ ಕಂಡಿತು. ಹುಣಸೋಡಿನ ಕ್ರಷರ್ ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿಯಿತು. ಕನಿಷ್ಠ ಐದು ಮಂದಿ ಗುರುತು ಸಿಗದಂತೆ ಛಿದ್ರರಾದರು. ಪಕ್ಕದ ಚಿಕ್ಕಮಗಳೂರು ಜಿಲ್ಲೆಯವರೆಗೂ ಜನ ಭೂಕಂಪವೆಂದು ತಿಳಿದು ಹೊರಗೋಡಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ, ಬಚ್ಚಿಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ವಿಲೇವಾರಿ ಮಾಡಲು ಹೋಗಿ ಮತ್ತೆ 6 ಮಂದಿ ಸತ್ತರು. ನಮ್ಮ ಗುಡ್ಡದ ಶೆಡ್ಡಿನಲ್ಲಿ ಏನಿದೆ, ಎಷ್ಟಿದೆ, ಯಾರ ಪರವಾನಗಿಯಲ್ಲಿದೆ ಎಂದು ಕೇಳಿದರೆ "ಅದೆಲ್ಲ ನಿಮಗೇಕೆ?" ಎನ್ನುತ್ತಾರೆ. ಹುಣಸೋಡಿನ ಸುತ್ತಲಿನವರಿಗೂ ಆ ರಾತ್ರಿಯವರೆಗೆ ಅದು ಬೇಡದ ವಿಷಯವಾಗಿತ್ತು.

ಸದ್ದು ಕೇಳಿಸುತ್ತದೆ, ಬಿರುಕು ಕಾಣಿಸುತ್ತದೆ. ನೀರು ಹೋಗುವುದು ಮಾತ್ರ ಸದ್ದಿಲ್ಲದೆ. ನಮ್ಮ ಸೀಮೆಯ ಗುಡ್ಡಗಳ ನೆತ್ತಿಯಲ್ಲಿರುವುದು ಜಂಬಿಟ್ಟಿಗೆ ಕಲ್ಲಿನ ಪದರ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ನೋಡಿ, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿರುವ ಪದದಿಂದ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟ. ನಮ್ಮವರ ಬಾಯಲ್ಲಿ ಅದು ಮೊದಲೇ ಇಟ್ಟಿಗೆಯಾಗಿತ್ತೆನ್ನಿ. ಆ ಕಲ್ಲಿನ ಮೈತುಂಬ ರಂಧ್ರಗಳು. ಆಷಾಢದ ಮಳೆಯನ್ನು ಕುಡಿದು, ಕೆಳಗಿನ ಜೇಡಿಯ ಮೇಲೆ ನಿಧಾನವಾಗಿ ಜಾರಿಸಿ, ಗುಡ್ಡದ ಮಗ್ಗುಲಲ್ಲಿ ಅಬ್ಬಿಯಾಗಿ ಹೊರಬಿಡುತ್ತದೆ. ಪಂಪಿಲ್ಲದೆ, ಕರೆಂಟಿಲ್ಲದೆ, ಪೈಪಿನಲ್ಲಿ ಇಳಿದು ಬರುವ ಆ ನೀರನ್ನು ನಂಬಿ ಎಷ್ಟು ಮನೆಗಳು, ಎಷ್ಟು ತೋಟಗಳು ಬದುಕಿವೆ! ನೆತ್ತಿಯ ಆ ಪದರವನ್ನು ಕೊಯ್ದೋ, ಕೆಳಗಿನ ಕರಿಕಲ್ಲಿಗಾಗಿ ಕಿತ್ತೆಸೆದೋ ಗುಂಡಿ ಮಾಡಿದರೆ ಮಳೆ ಎಂದಿನಂತೆಯೇ ಬರುತ್ತದೆ, ಆದರೆ ನೀರು ಗುಂಡಿಯಲ್ಲಿ ನಿಲ್ಲುತ್ತದೆ ಇಲ್ಲವೇ ಕೆಸರಾಗಿ ಗದ್ದೆಗೆ ಹರಿಯುತ್ತದೆ. ಏಪ್ರಿಲ್‌ವರೆಗೆ ಬರುತ್ತಿದ್ದ ನಮ್ಮ ಮನೆಯ ಅಬ್ಬಿ ಈಗ ಶಿವರಾತ್ರಿಗೇ ಸೊರಗುತ್ತದೆ. ಇದಕ್ಕೆ ಕ್ವಾರಿಯೊಂದೇ ಕಾರಣವೆಂದು ಆಣೆಯಿಟ್ಟು ಹೇಳಲಾರೆ. ಮಳೆಯ ಲೆಕ್ಕವೂ ತಪ್ಪಿದೆ, ಕಾನು ತೆಳುವಾಗಿದೆ. ಆದರೆ ಕೆಲಸ ಆರಂಭಿಸುವ ಮುನ್ನ ಒಂದು ಬೇಸಿಗೆಯಾದರೂ ಅಬ್ಬಿಗಳ ನೀರನ್ನು ಕೊಡ ಹಿಡಿದು ಅಳೆದಿಟ್ಟಿದ್ದರೆ ಇಂದು ಆಣೆಯ ಅಗತ್ಯವೇ ಬೀಳುತ್ತಿರಲಿಲ್ಲ.

ಕ್ವಾರಿಗೆ ತೀರ ಹತ್ತಿರದ ನೆರೆಯವರು ಯಾರು? ನಾವಲ್ಲ. ಗುಂಡಿಯ ಅಂಚಿನ ತಗಡಿನ ಶೆಡ್ಡುಗಳಲ್ಲಿರುವ ಕೂಲಿಕಾರರು. ದೂರದ ಊರುಗಳಿಂದ ಬಂದ ಅವರ ಹೆಸರು ನಮ್ಮ ಮತದಾರರ ಪಟ್ಟಿಯಲ್ಲಿಲ್ಲ, ನಮ್ಮ ಮನವಿಪತ್ರಗಳಲ್ಲೂ ಇರುವುದಿಲ್ಲ. ಇದನ್ನು ನಮ್ಮ ತಪ್ಪೆಂದೇ ಒಪ್ಪಿಕೊಳ್ಳಬೇಕು. ಎಲೆಯ ಮೇಲೆ ಕೂತ ಧೂಳನ್ನು ನಾವು ಫೋಟೋ ತೆಗೆದು ಕಳಿಸುತ್ತೇವೆ. ಅದೇ ಧೂಳು ಅವರ ಶ್ವಾಸಕೋಶದಲ್ಲಿ ಕೂರುತ್ತಿದೆ. ಕಲ್ಲಿನ ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ರೋಗವಲ್ಲ. ಕೆಲಸ ಬಿಟ್ಟ ಮೇಲೂ ಅದು ಬೆಳೆಯಬಲ್ಲದು. ಮುಖಕ್ಕೆ ಸುತ್ತಿದ ಟವೆಲ್ ಆ ನುಣುಪು ಧೂಳನ್ನು ತಡೆಯುವುದಿಲ್ಲ. ಕುಳಿ ಕೊರೆಯುವಾಗ ನೀರು ಹಾಯಿಸುವುದು, ಕ್ರಷರಿನ ಬಾಯಿಗೂ ಪಟ್ಟಿಗೂ ಹೊದಿಕೆ ಹಾಕಿ ನೀರು ಸಿಂಪಡಿಸುವುದು, ವರ್ಷಕ್ಕೊಮ್ಮೆ ಎದೆಯ ಪರೀಕ್ಷೆ ಮಾಡಿಸಿ ವರದಿಯನ್ನು ಕೂಲಿಕಾರನ ಕೈಗೇ ಕೊಡುವುದು: ಇಷ್ಟನ್ನು ಮಾಡದವರು ದೇವಸ್ಥಾನಕ್ಕೆ ಎಷ್ಟು ಕೊಟ್ಟರೂ ಲೆಕ್ಕ ಸರಿಹೋಗುವುದಿಲ್ಲ.

"ಕಲ್ಲು ಬೇಡವೆನ್ನುತ್ತೀರಿ, ನಿಮ್ಮ ಮನೆಯ ಪಾಯಕ್ಕೆ ಏನು ಹಾಕಿದ್ದೀರಿ?" ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ನ್ಯಾಯವಾದ ಪ್ರಶ್ನೆ. ನನ್ನ ಮನೆಯ ಪಾಯಕ್ಕೂ ಕಲ್ಲನ್ನೇ ಹಾಕಿದ್ದೇನೆ, ನಾನು ಓಡಾಡುವ ರಸ್ತೆಗೂ ಜಲ್ಲಿ ಬಿದ್ದಿದೆ. ಹೊಳೆಯ ಮರಳು ತೆಗೆಯಬಾರದೆಂದು ಕೂಗಿದವರು ನಾವೇ; ಅದರ ಬದಲಿಗೆ ಬಂದ ಎಂ-ಸ್ಯಾಂಡ್ ಕೂಡ ಬಂಡೆಯಿಂದಲೇ ಆಗಬೇಕು. ಊರಿನ ಹುಡುಗರು ಸಾಲ ಮಾಡಿ ಟಿಪ್ಪರ್ ಕೊಂಡಿದ್ದಾರೆ, ಅವರ ಕಂತು ನಿಂತರೆ ನೋವಾಗುವುದು ನಮ್ಮ ಮನೆಗಳಿಗೇ. ಹಾಗಾಗಿ ಕಲ್ಲು ಬೇಕೋ ಬೇಡವೋ ಎಂಬುದು ಇಲ್ಲಿನ ವಾದವಲ್ಲ. ಎಲ್ಲಿಂದ, ಎಷ್ಟು, ಯಾರ ಮನೆಯ ಬೆಲೆಗೆ ಎಂಬುದು ವಾದ. ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರಿನೊಳಗೆ ಗಣಿಗಾರಿಕೆ ನಡೆಯಕೂಡದೆಂದು ರಾಜ್ಯದ ಉಚ್ಚ ನ್ಯಾಯಾಲಯ 2024ರ ಜನವರಿಯಲ್ಲಿ ಆದೇಶಿಸಿತು. ಸರಿಯಾದ ಆದೇಶ. ಆದರೆ ಸ್ಫೋಟವಿರುವ ಕ್ವಾರಿಗೂ ಜನವಸತಿಗೂ ನಡುವೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಸೂಚಿಸಿದ ಕನಿಷ್ಠ ದೂರ 200 ಮೀಟರ್! ಅಣೆಕಟ್ಟೆಗೂ ಮಣ್ಣಿನ ಗೋಡೆಗೂ ಒಂದೇ ಅಂತರ ಬೇಕೆಂದು ಹೇಳುವಷ್ಟು ಅವಿವೇಕ ನಮಗಿಲ್ಲ. ಈ ಎರಡು ಅಂಕಿಗಳ ನಡುವೆ ಇರುವ ಕಂದಕವನ್ನು ಮಾತ್ರ ಓದುಗರು ನೋಡಬೇಕು.

ಇನ್ನು ಕೆಲವು ಗುಡ್ಡಗಳಿವೆ. ಅಲ್ಲಿ ಒಳ್ಳೆಯ ನೆರೆಯವನಾಗಲು ಕ್ವಾರಿಗಿರುವ ದಾರಿ ಒಂದೇ, ಬಾರದಿರುವುದು. ಅಬ್ಬಿಯ ಮೇಲಿನ ನೆತ್ತಿ, ಕಡಿದಾದ ಇಳಿಜಾರಿನ ಬುಡ, ಕಾನಿನ ಅಂಚು ಇಂಥವು. ಬುಡ ಕಡಿದ ಗುಡ್ಡ ಜೋರು ಮಳೆಗೆ ಏನಾಗುತ್ತದೆಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರು ತೋರಿಸಿತು. ಅಲ್ಲಿ ಕಡಿದದ್ದು ಹೆದ್ದಾರಿಗೆ, ಕ್ವಾರಿಗಲ್ಲ. ಗುಡ್ಡಕ್ಕೆ ಆ ವ್ಯತ್ಯಾಸ ತಿಳಿಯದು. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿಯೇ, ಅತಿ ಸೂಕ್ಷ್ಮ ವಲಯದಲ್ಲಿ ಹೊಸ ಗಣಿ ಪರವಾನಗಿ ಬೇಡ, ಇರುವವನ್ನು 2016ರೊಳಗೆ ಹಂತಹಂತವಾಗಿ ಮುಚ್ಚಿ ಎಂದಿತ್ತು. ಕಸ್ತೂರಿರಂಗನ್ ಸಮಿತಿ 2013ರಲ್ಲಿ ಎಷ್ಟೋ ಸಡಿಲಿಸಿತು, ಆದರೂ ಗಣಿ, ಕ್ವಾರಿಗಳಿಗೆ ನಿಷೇಧವೆಂಬ ಮಾತನ್ನು ಬಿಡಲಿಲ್ಲ. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಅದನ್ನೂ ತಿರಸ್ಕರಿಸಿತು. ಒಕ್ಕಲೆಬ್ಬಿಸುತ್ತಾರೆ, ಸೊಪ್ಪು ಸೌದೆಗೂ ತಡೆ ಹಾಕುತ್ತಾರೆ ಎಂಬ ಭಯ ನಮ್ಮ ರೈತರಿಗೆ ನಿಜವಾಗಿಯೂ ಇತ್ತು. ಅರಣ್ಯ ಇಲಾಖೆಯ ಜೊತೆಗಿನ ನಮ್ಮ ಅನುಭವ ಆ ಭಯವನ್ನು ಹುಟ್ಟಿಸುವಂಥದ್ದೇ. ಆದರೆ ರೈತನ ಭಯದ ಬೆನ್ನ ಹಿಂದೆ ನಿಂತು ಉಳಿದುಕೊಂಡದ್ದು ಯಾರ ವ್ಯವಹಾರ ಎಂಬುದನ್ನು ಈಗಲಾದರೂ ಯೋಚಿಸಬೇಕಾಗಿದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಕಾದಿದೆ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5 ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗಳಿಗೂ ಪರಿಸರ ಅನುಮತಿ ಬೇಕೆಂದಿತು. ಒಂದು ದೊಡ್ಡ ಗುಡ್ಡವನ್ನು ತುಂಡು ತುಂಡು ಗುತ್ತಿಗೆಯಾಗಿಸಿ ನಿಯಮದಿಂದ ನುಣುಚಿಕೊಳ್ಳುವ ಆಟ ಆಗಲೇ ಬಯಲಾಗಿತ್ತು. 2016ರ ಕೇಂದ್ರ ಅಧಿಸೂಚನೆಯಂತೆ 500 ಮೀಟರಿನೊಳಗಿರುವ ಒಂದೇ ಬಗೆಯ ಗುತ್ತಿಗೆಗಳನ್ನು ಒಂದು ಗುಂಪೆಂದು ಎಣಿಸಬೇಕು. ನಮ್ಮ ಗುಡ್ಡದ ಗುತ್ತಿಗೆಗಳನ್ನು ನಕ್ಷೆಯ ಮೇಲೆ ಗುರುತಿಸಿ ಅಂತರ ಅಳೆಯಲು ಒಂದು ಮೊಬೈಲ್ ಸಾಕು. ಅನುಮತಿ ಪಡೆದವರು ಅದರ ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು. ಷರತ್ತುಗಳನ್ನು ಪಾಲಿಸಿದ್ದೇವೆಂಬ ವರದಿಯನ್ನು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಅದು ಸಾರ್ವಜನಿಕ ದಾಖಲೆ. ಮುಚ್ಚುವಾಗ ಗುಂಡಿಯನ್ನು ಏನು ಮಾಡುತ್ತಾರೆ, ಬೇಲಿ ಯಾರು ಹಾಕುತ್ತಾರೆ ಎಂಬುದನ್ನೂ ಅವರು ಮೊದಲೇ ಬರೆದುಕೊಟ್ಟಿರುತ್ತಾರೆ. ಕಳೆದ ತಿಂಗಳು ನಾವು ಪಂಚಾಯಿತಿ ಕಚೇರಿಗೆ ಹೋಗಿ ಕೇಳಿದಾಗ, ಅಂಥ ಕಾಗದ ಬಂದ ನೆನಪು ಯಾರಿಗೂ ಇರಲಿಲ್ಲ.

ಆದ್ದರಿಂದ ಮಾಹಿತಿ ಹಕ್ಕಿನಡಿ ಅರ್ಜಿ ಹಾಕುತ್ತಿದ್ದೇವೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಒಂದು ರಾಜ್ಯದ ಪರಿಸರ ಅನುಮತಿ ಪ್ರಾಧಿಕಾರಕ್ಕೆ, ಒಂದು ಮಾಲಿನ್ಯ ನಿಯಂತ್ರಣ ಮಂಡಳಿಗೆ. ಮಾಲೀಕರಿಗೂ ಒಂದು ಪತ್ರ ಬರೆಯುತ್ತಿದ್ದೇವೆ: ಸಿಡಿಸುವ ಹೊತ್ತನ್ನು ಶಾಲೆಯ ಗೋಡೆಗೆ ಬರೆಸಿ, ಮುಂದಿನ ಸ್ಫೋಟದ ದಿನ ಕಂಪನ ಅಳೆಯುವ ಯಂತ್ರವನ್ನು ಅಜ್ಜಿಯ ಅಂಗಳದಲ್ಲಿ ಇಡಿ, ನಾವೂ ನಿಂತು ನೋಡುತ್ತೇವೆ ಎಂದು. ಬರುವ ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಕುಳಿತು ಇವನ್ನೆಲ್ಲ ಬರೆಯುವುದಿದೆ. ಪಹಣಿಯ ಪ್ರತಿ, ಮನೆಯ ಬಿರುಕಿನ ಫೋಟೋ ಇದ್ದವರು ತನ್ನಿ. ಅಜ್ಜಿಯೂ ಬರುತ್ತೇನೆಂದಿದ್ದಾರೆ.